ಕಿಟಕಿ ಪಕ್ಕದ ಸೀಟಿಗೆ ಬಿದ್ದ ಟವೆಲ್ಲು

ಅವತ್ತು ಬೆಳಿಗ್ಗೆಯೂ ನಾನು ಎಂದಿನಂತೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ಹಿಡಿದು ಬಗ್ಗಿದ್ದೆ. ಅಷ್ಟರಲ್ಲಿ ನಮ್ಮ ಅತ್ತೆ ಹೊರಗೆ ಬಂದರು. ಒದ್ದೆ ಕೂದಲಿಗೆ ಸುತ್ತಿಕೊಂಡಿದ್ದ ಟವೆಲ್ಲನ್ನು ಬಿಚ್ಚಿದರು, ಚೆನ್ನಾಗಿ ಝಾಡಿಸಿದರು, ಆಚೆ ಈಚೆ ನೋಡಿದರು. ಆಮೇಲೆ ಕಾಂಪೌಂಡಿನಲ್ಲಿ ನಿಂತಿದ್ದ ವ್ಯಾನಿನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಕಿಟಕಿಯ ಮೂಲಕ ಟವೆಲ್ಲನ್ನು ಒಳಗಿನ ಸೀಟಿನ ಮೇಲೆ ಎಸೆದುಬಿಟ್ಟರು!

ಅಂದರೆ ಸೀಟು ಹಿಡಿದರು. ವ್ಯಾನು ಅವರದೇ. ನಿಂತಿರುವುದು ನಮ್ಮ ಗೇಟಿನೊಳಗೆ. ಹತ್ತಬೇಕಾದವರು ಮನೆಯವರೇ, ಅದರಲ್ಲೂ ಒಬ್ಬರು ಡ್ರೈವರು. ಪೈಪೋಟಿಗೆ ಬರುವುದಾದರೆ ನಮ್ಮ ಬೀದಿಯ ಬೆಕ್ಕು ಬರಬೇಕು. ಆದರೂ ಟವೆಲ್ಲು ಬಿತ್ತು.

ಪಕ್ಕದ ಮನೆಯ ಟೀಚರಮ್ಮ ಪೊರಕೆ ಹಿಡಿದುಕೊಂಡೇ ನಿಂತು, "ಏನ್ರೀ, ಬಸ್ ಸ್ಟ್ಯಾಂಡು ನಿಮ್ಮನೆಗೇ ಬಂದೈತಲ್ಲ!" ಎಂದರು.

ಇದು ಅತಿಯಾಯಿತು ಎಂದು ನಿಮಗನ್ನಿಸಿದರೆ ನಿಮಗೆ ನಮ್ಮ ಮಾವ ಗೊತ್ತಿಲ್ಲ ಎಂದಷ್ಟೇ ಅರ್ಥ. ಮಾವ ಎಂದರೆ ನನ್ನ ಗಂಡನ ಸೋದರಮಾವ, ಹೊಳಲ್ಕೆರೆಯವರು. ಟವೆಲ್ಲು ಎಸೆದ ಅತ್ತೆ ಅವರ ಹೆಂಡತಿ. ಇಬ್ಬರೂ ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದು ಉಳಿದಿದ್ದರು. ಮಾವನ ಹೆಸರು ಹೇಳುವುದಿಲ್ಲ, ಹೇಳಿದರೆ ಜಿಲ್ಲೆಯ ಅರ್ಧ ಜನ "ಅಯ್ಯೋ, ಅವರಾ!" ಎಂದು ತಮ್ಮ ಕಥೆ ಶುರು ಮಾಡುತ್ತಾರೆ, ನನ್ನದು ಉಳಿದುಬಿಡುತ್ತದೆ. ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಕೆಲಸ ಬಿಟ್ಟು ಬಹಳ ವರ್ಷವಾಯಿತು. ಕೆಲಸ ಅವರನ್ನು ಬಿಟ್ಟಿಲ್ಲ ಅಷ್ಟೇ.

ಮದುವೆ ಮನೆಯಲ್ಲಿ ಫೋಟೋಗೆ ನಿಂತರೆ ನೋಡಬೇಕು. "ಮಧ್ಯ ಜಾಗ ಐತೆ, ಒಳಗೆ ಹೋಗ್ರಿ, ಒಳಗೆ ಹೋಗ್ರಿ!" ಎಂದು ಎರಡೂ ಕಡೆಯ ಬೀಗರನ್ನು ತುಂಬುತ್ತಾರೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅಂಥದೊಂದು ಫೋಟೋ ಇದೆ. ಎಲ್ಲರೂ ಇದ್ದಾರೆ, ಅಡುಗೆ ಭಟ್ಟರೂ ಇದ್ದಾರೆ. ನಾನಿಲ್ಲ! ಒಮ್ಮೆ ಆಸ್ಪತ್ರೆಯ ಲಿಫ್ಟಿನಲ್ಲಿ ಜನರನ್ನೆಲ್ಲ ಹತ್ತಿಸಿ, ಗೋಡೆಗೆ ಟಕಟಕ ಎಂದು ಬಡಿದು "ರೈಟ್" ಎಂದರು. ಲಿಫ್ಟು ಹೊರಟಿತು. ತಾವು ಹೇಳಿದ್ದಕ್ಕೇ ಹೊರಟಿತೆಂದು ಇವತ್ತಿಗೂ ನಂಬಿದ್ದಾರೆ. ಇನ್ನು ಓಡುವ ಗಾಡಿಯಲ್ಲಿ ಅವರು ಕೂತದ್ದನ್ನು ಕಂಡವರೇ ಇಲ್ಲ. ಆಟೋದಲ್ಲೂ ಅರ್ಧ ಎದ್ದಿರುತ್ತಾರೆ.

ಎಲ್ಲದಕ್ಕಿಂತ ಹೆಚ್ಚಾಗಿ ಅವರಿಗೆ ಸೀಟಿಗೆ ಟವೆಲ್ಲು ಹಾಕುವವರನ್ನು ಕಂಡರೆ ಆಗದು. "ಟವೆಲ್ಲಿಗೆ ಸೀಟಿಲ್ಲ, ಮನುಷರಿಗೆ ಸೀಟು" ಎನ್ನುವುದು ಅವರ ಸಿದ್ಧಾಂತ. ತಮ್ಮ ಕಾಲದಲ್ಲಿ ಅವರು ಕಿಟಕಿಯಿಂದಾಚೆ ಎಸೆದ ಟವೆಲ್ಲುಗಳನ್ನೆಲ್ಲ ಗಂಟು ಹಾಕಿದ್ದರೆ ನಮ್ಮ ದುರ್ಗದ ಏಳು ಸುತ್ತಿನ ಕೋಟೆಗೆ ಎಂಟನೇ ಸುತ್ತು ಆಗುತ್ತಿತ್ತು. ಯಾರೋ ಪೊಲೀಸಿನವರ ಟೋಪಿಯನ್ನೂ ಬಿಡಲಿಲ್ಲವಂತೆ.

ಈ ಸಿದ್ಧಾಂತದ ಅತಿ ಹಳೆಯ ಗಿರಾಕಿ ಎಂದರೆ ನಮ್ಮ ಅತ್ತೆ. ಕಂಡಕ್ಟರ ಹೆಂಡತಿ ಎಂದು ಬಸ್ಸು ಹತ್ತಿದರೆ ಮೊದಲು ಸೀಟು ಸಿಗುತ್ತಿತ್ತು, ನಿಜ. ಮುಂದಿನ ಸ್ಟಾಪಿನಲ್ಲಿ ಕೂಸನ್ನೆತ್ತಿಕೊಂಡವರೋ ಮುದುಕಿಯೋ ಹತ್ತುತ್ತಿದ್ದರು. ಮಾವ ಇಡೀ ಬಸ್ಸನ್ನು ಒಮ್ಮೆ ನೋಡಿ, ಕೊನೆಗೆ ಹೆಂಡತಿಯ ಹತ್ತಿರವೇ ಬಂದು, "ಏಳೇ, ಪಾಪ ಆಯಮ್ಮ ಕುಂತ್ಕಳ್ಳಿ" ಎನ್ನುತ್ತಿದ್ದರು. ಬೇರೆ ಯಾರನ್ನು ಏಳಿಸಿದರೂ ಜಗಳವಾಗುತ್ತದೆ. ಈಯಮ್ಮ ಏಳುತ್ತಾರೆ!

ಅವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಂಡರು. "ಲಗ್ನ ಆದಾಗಿಂದ ಹತ್ತಿದ ಜಾಗದಿಂದ ಇಳಿಯೋ ಜಾಗದ ತನಕ ಒಂದ್ಸಲನೂ ಕುಂತ್ಕಂಡು ಹೋಗಿಲ್ಲ ಕಣಮ್ಮ. ಈಗ ಗಾಡಿ ನಮ್ಮದೇ. ಈ ಸಲ ಕಿಟಕಿ ಪಕ್ಕ ಕುಂತ್ಕಂಡು ಗುಡ್ಡ ನೋಡ್ಕಂತ ಹೋಗಿ ಬರ್ತೀನಿ, ಆಮೇಲೆ ಮಂಡಿ ಏನಾರ ಆಗ್ಲಿ" ಎಂದರು. ಹೇಳಿದ ರೀತಿ ದೇವರಿಗೆ ಹರಕೆ ಹೊತ್ತಂತಿತ್ತು.

ವ್ಯಾನಿನ ಕಥೆ ಹೇಳಬೇಕು. ಯಾವುದೋ ಶಾಲೆಯ ಹಳೇ ವ್ಯಾನನ್ನು ಮಾವ ಕೊಂಡುತಂದು, ನಮ್ಮ ದುರ್ಗದ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ, ಅದನ್ನು ಮಲಗುವ, ಉಣ್ಣುವ, ಊರೂರು ತಿರುಗುವ ಗಾಡಿ ಮಾಡಿಸಿದ್ದರು. ಮಡಚುವ ಮಂಚ, ಸಣ್ಣ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಒಂದು ಉದ್ದ ಬೆಂಚು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ. ಕಂಡಕ್ಟರ್ ಯಾಕೆ ಡ್ರೈವರ್ ಆಗಬೇಕು? ಆ ಕೆಲಸಕ್ಕೆ ಅಳಿಯ ಇದ್ದಾನಲ್ಲ! ನಮ್ಮೆಜಮಾನರು ಆಫೀಸಿಗೆ ಮೂರು ದಿನ ರಜೆ ಹಾಕಿದರು. ಹಿರಿಯೂರಿನ ಕಡೆ ಹೋಗಿ ವಾಣಿವಿಲಾಸ ಸಾಗರದ ಹತ್ತಿರ ಒಂದು ರಾತ್ರಿ, ಹೊಸದುರ್ಗದ ಗುಡ್ಡಗಳಲ್ಲಿ ಒಂದು ರಾತ್ರಿ, ಮೂರನೇ ದಿನ ಹೊಳಲ್ಕೆರೆಯ ಮೇಲೆ ದುರ್ಗಕ್ಕೆ ಬಂದು ಮ್ಯೂಸಿಯಂ ನೋಡಿ ಮನೆಗೆ. ಹೀಗೆ ಏರ್ಪಾಡು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರು ತೋರಿಸುತ್ತಿದ್ದ ಚಿತ್ರದ ಪುಸ್ತಕಗಳಲ್ಲಿ ಇಂಥ ಗಾಡಿಗಳಿರುತ್ತಿದ್ದವು. ಚೌಕಳಿ ಪರದೆ, ಹುಲ್ಲಿನ ಮೇಲೆ ಬಿಳೀ ಬಟ್ಟೆ, ಪಿಂಗಾಣಿ ಕಪ್ಪು. ನಾನೂ ಉತ್ಸಾಹದಿಂದ ಚೌಕಳಿ ಪರದೆ ಹೊಲಿದು ಕಟ್ಟಿದ್ದೆ. ಮಾವ ಬಂದವರೇ ಬಿಚ್ಚಿ ಮಡಚಿ ನನ್ನ ಕೈಗಿಟ್ಟರು. "ಇದಿದ್ರೆ ಹೊರಗೆ ಜನ ಕೈ ಅಡ್ಡ ಹಾಕಿದ್ದು ಹೆಂಗಮ್ಮ ಕಾಣ್ಬೇಕು?"

ಯಾವ ಜನ, ಯಾಕೆ ಕೈ ಅಡ್ಡ ಹಾಕುತ್ತಾರೆ ಎಂದು ನಾನು ಆಗಲೇ ಕೇಳಬೇಕಿತ್ತು.

ಅತ್ತೆಯ ಟವೆಲ್ಲು ಬಿದ್ದದ್ದು ಗಾಡಿಯಲ್ಲಿದ್ದ ಒಂದೇ ಒಂದು ನಿಜವಾದ ಬಸ್ ಸೀಟಿನ ಮೇಲೆ. ಗುಜರಿಯಿಂದ ಮಾವ ಆರಿಸಿ ತಂದ, ಇಬ್ಬರು ಕೂರುವ, ಹಸಿರು ರೆಕ್ಸಿನ್ನಿನ ಸೀಟು. ಅದರ ಕೆಳಗೆ, ಕಿಟಕಿಯ ಬದಿಗೆ ಮಾತ್ರ, ಒಂದು ಮರದ ಹಲಗೆಯನ್ನು ಅಡ್ಡಕ್ಕೆ ಬಡಿದಿದ್ದರು. ಅಂಚನ್ನು ಉಜ್ಜಿ ನುಣುಪು ಮಾಡಿದ್ದರು. ಬೆಂಚಿನ ಕೆಳಗೆ ಅಂಥದ್ದಿಲ್ಲ. ಯಾಕೆ ಮಾವ ಎಂದರೆ, "ಬ್ಯಾಗು ಇಡಾಕೆ" ಎಂದರು. ಬ್ಯಾಗು ಅಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ, ಇಟ್ಟು ನೋಡಿದ್ದೆ.

ಹೊರಡುವ ಹೊತ್ತಿಗೆ ಮಾವ ಹತ್ತಿದರು. ಹೆಗಲ ಮೇಲೆ ಕೆಂಪು ಚೌಕಳಿ ಟವೆಲ್ಲು, ಕೊರಳಲ್ಲಿ ವಿಷಲ್ಲು. ಸೀಟಿನ ಮೇಲಿನ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ, "ಯಾರದಿದು?" ಎಂದರು.

"ನಂದೇ ಕಣ್ರಿ" ಎಂದರು ಅತ್ತೆ.

"ಟವೆಲ್ಲಿಗೆ ಸೀಟಿಲ್ಲ."

"ಟವೆಲ್ಲಿಗಲ್ಲ, ನನಗೆ!"

"ಹಂಗಾರೆ ನೀನು ಕುಂತ್ಕ, ಅದನ್ನ ತಲೆಗೆ ಸುತ್ಕ" ಎಂದು ಕೈಗೆ ಕೊಟ್ಟು ವಿಷಲ್ ಊದಿದರು. ಟೀಚರಮ್ಮ ಗೇಟು ತೆಗೆದರು. ಮೂರು ದಿನ ನಮ್ಮ ಹಾಲು ಅವರೇ ತೆಗೆದುಕೊಳ್ಳುವುದೆಂದು ಮಾತಾಗಿತ್ತು.

ಅತ್ತೆ ಕಿಟಕಿ ಪಕ್ಕ ಕೂತು ಸೆರಗು ಸರಿಮಾಡಿಕೊಂಡರು. ಮುಖದಲ್ಲಿ ಎಂಥ ಕಳೆ! ಆ ಕಳೆ ಐಮಂಗಲದವರೆಗೆ ಇತ್ತು.

ಐಮಂಗಲದಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು ಚೀಲ ಇಟ್ಟುಕೊಂಡು ಕೈ ಅಡ್ಡ ಹಾಕಿದರು. ಮಾವನ ಕೈ ಅವರಿಗೆ ಗೊತ್ತಿಲ್ಲದೆಯೇ ಮೇಲಿನ ಹಗ್ಗಕ್ಕೆ ಹೋಯಿತು. ಟಣ್! ಹೌದು, ಗಂಟೆಯನ್ನೂ ಕಟ್ಟಿಸಿದ್ದರು. ನಮ್ಮೆಜಮಾನರು ಬ್ರೇಕ್ ಹಾಕಿದರು.

"ಹಿರಿಯೂರಿಗೆ ಹೋಗ್ತೈತಾ?"

"ಬರ್ರಿ ಬರ್ರಿ, ಬಿರ್ರನೆ ಹತ್ರಿ!"

ಹಿರಿಯರು ಹತ್ತಿ ಒಳಗೆ ಕಣ್ಣಾಡಿಸಿದರು. "ಇದ್ಯಾವ ಬಸ್ಸಪ್ಪಾ? ಮಂಚ ಐತೆ!"

"ಸ್ಲೀಪರ್ ಕೋಚು."

"ಒಲೆನೂ ಐತೆ?"

"ಬೆಂಗಳೂರಾಗೆ ಎಲ್ಲಾ ಹಿಂಗೇ ಬಂದಾವೆ. ಒಳಗೆ ಹೋಗ್ರಿ" ಎಂದರು ಮಾವ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಟಿಕೆಟ್ಟು ಎಷ್ಟು ಎಂದದ್ದಕ್ಕೆ ಮಾತ್ರ ಸಿಟ್ಟೇ ಬಂತು. "ಏನಪ್ಪ, ಇದು ಮನೆ ಗಾಡಿ. ಟಿಕೆಟ್ ಎಲ್ಲಿಂದ ಬರ್ತೈತೆ? ಸುಮ್ನೆ ಕುಂತ್ಕಳ್ರಿ."

ಅವರ ಹಿಂದೆಯೇ ಕೂಸನ್ನೆತ್ತಿಕೊಂಡ ಹುಡುಗಿ ಹತ್ತಿದಳು. ಮಾವ ಗಾಡಿಯನ್ನೆಲ್ಲ ಒಮ್ಮೆ ನೋಡಿದರು. ಬೆಂಚಿನ ಮೇಲೆ ನಾನು, ನನ್ನ ಪಕ್ಕ ಹಿರಿಯರು, ಅವರ ಪಕ್ಕ ಚೀಲ. ಮಂಚದ ಮೇಲೂ ಅತ್ತೆಯ ಪಕ್ಕದಲ್ಲೂ ನಮ್ಮ ಮೂರು ದಿನದ ಸಾಮಾನು. ನಾನು ಏಳುವಷ್ಟರಲ್ಲಿ, ಹೇಳಿಸಿಕೊಳ್ಳದೆಯೇ, ಅತ್ತೆ ಎದ್ದು ನಿಂತಿದ್ದರು. ಇಷ್ಟು ವರ್ಷದ ಅಭ್ಯಾಸ! ನಾನು ಎದ್ದು ಕೊಟ್ಟ ಜಾಗಕ್ಕೆ ಅತ್ತೆ ಬರುವುದರೊಳಗೆ ಹಿಂದೆಯೇ ಹತ್ತಿದ ಒಬ್ಬ ಅಜ್ಜಿ ಬಂದು ಕೂತಾಗಿತ್ತು. ಹಿರಿಯೂರಿನವರೆಗೆ ನಾವಿಬ್ಬರೂ ಮನೆಯ ಗಾಡಿಯಲ್ಲಿ ಕಂಬಿ ಹಿಡಿದು ನಿಂತು ಹೋದೆವು.

ಹಿರಿಯೂರಿನಲ್ಲಿ ಅವರೆಲ್ಲ ಇಳಿದರು. ಇಳಿದವರಿಗಿಂತ ಹೆಚ್ಚು ಜನ ಹತ್ತಿದರು. "ನಿಂತ್ಕಳಾಕೆ ಜಾಗ ಬ್ಯಾಡ್ವಾ?" ಎಂದು ಮಾವ ಮಂಚವನ್ನು ಮಡಚಿ ಗೋಡೆಗೆ ಏರಿಸಿಬಿಟ್ಟರು. ನಾವು ಮೂರು ದಿನ ಮಲಗಬೇಕಾಗಿದ್ದ ಮಂಚ ಹಾಗೆ ಕಣ್ಮರೆಯಾಯಿತು.

ವಾಣಿವಿಲಾಸ ಸಾಗರ ಬಂತು. ಎರಡು ಗುಡ್ಡಗಳ ನಡುವೆ ತುಂಬಿ ನಿಂತ ನೀರು, ಮೇಲೆ ಸಣ್ಣ ಗಾಳಿ. ನಾನು ಓಡಿಹೋಗಿ ನನ್ನ ಬಿಳೀ ಬಟ್ಟೆ ಹಾಸಿದೆ. ಚಿತ್ರಾನ್ನದ ಡಬ್ಬಿ ತೆಗೆದೆ. ಪಿಂಗಾಣಿ ಕಪ್ಪಿನ ಕಾಗದ ಬಿಚ್ಚುತ್ತಿದ್ದೆ.

"ಟೀ, ಕಾಫಿ, ತಿಂಡಿಗೆ ಹತ್ತು ನಿಮಿಷ!" ಎಂದು ಕೂಗು ಕೇಳಿಸಿತು.

ಪ್ರಯಾಣಿಕರೆಲ್ಲ ಇಳಿದು ನನ್ನ ಬಟ್ಟೆಯ ಸುತ್ತ ಕೂತರು. ಚಿತ್ರಾನ್ನ ಮೂರು ದಿನಕ್ಕಿರಲಿ, ಮೂರು ಗಳಿಗೆಗೂ ಬರಲಿಲ್ಲ. ನಾನು ಗಾಡಿಯೊಳಗಿನ ಒಲೆಯಲ್ಲಿ ಚಹಾ ಕಾಯಿಸುತ್ತಾ ನಿಂತೆ. ಶ್ರೀರಾಂಪುರಕ್ಕೆ ಹೋಗುವ ಒಬ್ಬ ಅಜ್ಜಿ, "ನನಗೆ ಸಕ್ರೆ ಬ್ಯಾಡ ಕಣವ್ವ, ಸಕ್ರೆ ಕಾಯಿಲೆ ಐತೆ. ಬೆಲ್ಲ ಐತಾ?" ಎಂದರು. ನಾನು "ಸಾರಿ ಅಜ್ಜಿ" ಎಂದೆ. ಸಿಸ್ಟರು ಕಲಿಸಿದ ವಿನಯ ಯಾವ ಯಾವ ಕಾಲದಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಎಲ್ಲರಿಗೂ ಕೊಟ್ಟು ನನ್ನ ಕಪ್ಪನ್ನು ತುಟಿಗೆ ತಂದಾಗ ವಿಷಲ್ಲು ಕೂಗಿತು. ರಾತ್ರಿ ಉಳಿಯಬೇಕಾದ ಜಾಗ ಹತ್ತು ನಿಮಿಷಕ್ಕೆ ಮುಗಿಯಿತು.

"ಮಾವ, ಇಲ್ಲಿ ಉಳ್ಕಳೋ ಮಾತಾಗಿತ್ತು" ಎಂದರು ನಮ್ಮೆಜಮಾನರು.

"ಲೇ, ಜನ ಹತ್ತವ್ರೆ ಕಣೋ. ಅವರ ಕೆಲಸ ಕೆಡಿಸಾಕಾಗ್ತೈತಾ? ನಡಿ ನಡಿ, ಹೋಗಾಣ."

ಅಲ್ಲಿಂದ ಹೊಸದುರ್ಗದ ದಾರಿ. ಗುಡ್ಡದ ಮೇಲೆ ಗುಡ್ಡ, ನೆತ್ತಿಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು ನಿಧಾನಕ್ಕೆ ಕೈ ಬೀಸುತ್ತಿದ್ದವು. ಮಾವ ಅವಕ್ಕೂ ಗಾಡಿ ನಿಲ್ಲಿಸುತ್ತಾರೇನೋ ಎಂದು ನನಗೆ ಭಯವಾಯಿತು. ಅತ್ತೆ ನಡುನಡುವೆ ಕೂತರು, ನಡುನಡುವೆ ಎದ್ದರು. ಪ್ರತಿ ತಿರುವಿನಲ್ಲೂ ಅವರು ಕಂಬಿಯನ್ನು ಹಿಡಿಯುವ ಚಂದ ನೋಡಬೇಕು: ಒಂದೇ ಕೈ, ಮೊಣಕೈ ಸ್ವಲ್ಪ ಬಾಗಿ, ಹೆಬ್ಬೆರಳು ಒಳಗೆ. ಬಸ್ಸಿನಲ್ಲಿ ನಿಲ್ಲುವುದಕ್ಕೆ ಪರೀಕ್ಷೆ ಇದ್ದಿದ್ದರೆ ಅವರು ರ‍್ಯಾಂಕು. ಆದರೆ ಗುಡ್ಡ ಕಾಣುತ್ತಿರಲಿಲ್ಲ. ನಿಂತವರ ಕಣ್ಣಿಗೆ ಕಿಟಕಿಯಲ್ಲಿ ಬರೀ ರಸ್ತೆಯ ಅಂಚು. ಎಡಗಾಲನ್ನು ಮೆಲ್ಲಗೆ ಎತ್ತಿ ಎತ್ತಿ ಇಡುತ್ತಿದ್ದರು.

ಹೊಳಲ್ಕೆರೆ ಬಂದಾಗ ನಡೆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. "ಹೊಳಲ್ಕೆರೆ, ಹೊಳಲ್ಕೆರೆ! ಇಳಿಯೋರು ಇಳೀರಿ!" ಎಂದು ಮಾವ ಕೂಗಿದರು. ಜನ ಇಳಿದರು. ರೈಟ್. ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ನಾನು ತಿರುಗಿ ನೋಡುತ್ತೇನೆ, ಅತ್ತೆ ಇಲ್ಲ! ರಿವರ್ಸ್ ಹೊಡೆದುಕೊಂಡು ಬಂದರೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದಾರೆ.

"ಏನೇ ಇದು?" ಎಂದರು ಮಾವ.

"ಇಳಿಯೋರು ಇಳೀರಿ ಅಂದ್ರಿ. ನಮ್ಮೂರು. ಇಳಿದೆ."

"ಇನ್ನೂ ಮ್ಯೂಸಿಯಂ ಐತಲ್ಲೇ!"

"ನೀವು ಹೋಗಿ ಬರ್ರಿ. ನನಗೆ ಮನೇಲಿ ಮಣೆ ಐತೆ. ಯಾರೂ ಏಳು ಅನ್ನಲ್ಲ" ಎಂದರು ಅತ್ತೆ. ನಗುತ್ತಲೇ ಅಂದರು. ಆದರೆ ಬೆಳಿಗ್ಗೆ ಒದ್ದೆ ಟವೆಲ್ಲು ಎಸೆದಾಗ ಇದ್ದ ಕಳೆ ಆ ಮುಖದಲ್ಲಿ ಇರಲಿಲ್ಲ. ಮಾವ ವಿಷಲ್ಲನ್ನು ಸುಮ್ಮನೆ ತಿರುಗಿಸಿದರು. ನಾನು ಇಳಿದು ಹೋಗಿ, "ಅತ್ತೆ, ನೀವಿಲ್ಲದೆ ಮ್ಯೂಸಿಯಂನಲ್ಲಿ ನಾನು ಯಾರ ಜೊತೆ ಮಾತಾಡಲಿ?" ಎಂದು ಕೈ ಹಿಡಿದೆ. ಎದ್ದರು. ಏಳುವುದು ಅವರಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಅವತ್ತು ಮಂಡಿಗೆ ಕೈಯೂರಿ ಎದ್ದರು.

ದುರ್ಗಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. "ಮೂರು ದಿನದ ಟ್ರಿಪ್ಪು, ಬಿಫೋರ್ ಟೈಮ್!" ಎಂದು ಮಾವ ಗಡಿಯಾರ ತೋರಿಸಿದರು. ಇನ್ನೂ ಎರಡು ದಿನದ ರಜೆ ಉಳಿದಿದ್ದ ನಮ್ಮೆಜಮಾನರು ಸ್ಟೇರಿಂಗಿನ ಮೇಲೆ ಹಣೆ ಇಟ್ಟರು, ಅಷ್ಟೇ.

ಮ್ಯೂಸಿಯಂನಲ್ಲಿ ನಾನು ನಿಧಾನಕ್ಕೆ ನೋಡಬೇಕೆಂದಿದ್ದೆ. ಕತ್ತಿ, ಗುಂಡು, ಓಲೆಗರಿ, ಸಣ್ಣ ಸಣ್ಣ ನಾಣ್ಯ. ಎಲ್ಲಿ ಬಿಡುತ್ತಾರೆ? "ಮುಂದಕ್ಕೆ ಹೋಗ್ರಿ, ಹಿಂದೆ ಜನ ಅವ್ರೆ! ಕತ್ತಿ ನೋಡಿದೋರು ಫಿರಂಗಿ ಗುಂಡಿಗೆ ಬರ್ರಿ!" ನಮ್ಮ ಪರಿಚಯವೇ ಇಲ್ಲದ ಜನರೆಲ್ಲ ಸರಸರನೆ ಸರಿದರು. ಯಾವುದೋ ಊರಿನ ದಂಪತಿ ಆಗಷ್ಟೇ ಒಳಗೆ ಬಂದವರು, ಏನೂ ನೋಡದೆ ಆ ಕಡೆಯ ಬಾಗಿಲಿನಿಂದ ಹೊರಗೆ ಹೋದರು. ಕಾವಲಿನವರು ನನ್ನ ಹತ್ತಿರ ಬಂದು, "ಇವರು ದಿನಾ ಬರ್ತಾರಾ ಮೇಡಂ? ಬಂದ್ರೆ ನಾವು ಟೈಮಿಗೆ ಸರಿಯಾಗಿ ಮನೆಗೆ ಹೋಗಬಹುದು" ಎಂದರು.

ಅತ್ತೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಒಂದು ವೀರಗಲ್ಲಿನ ಮುಂದೆ ನಿಂತುಬಿಟ್ಟಿದ್ದರು. ಕೆಳಗಿನ ಸಾಲಿನಲ್ಲಿ ವೀರ ಕತ್ತಿ ಹಿಡಿದು ಕಾದುತ್ತಿದ್ದಾನೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಅವನು ಲಿಂಗದ ಮುಂದೆ ಕಾಲು ಮಡಚಿ ಕೂತಿದ್ದಾನೆ. ಅಕ್ಕಪಕ್ಕ ಇಬ್ಬರು ಹೆಂಗಸರು ಚಾಮರ ಹಿಡಿದಿದ್ದಾರೆ.

ಅತ್ತೆ ಬೆರಳು ತೋರಿಸಿದರು. "ನೋಡಮ್ಮ. ಅಲ್ಲಿಂದ ಹೊತ್ಕಂಡು ಬಂದೋರು ಇವರು. ಕುಂತಿರೋನು ಅವನು. ಬೀಸಾಕೆ ಮತ್ತೆ ಹೆಣ್ಮಕ್ಕಳೇ, ಅದೂ ನಿಂತ್ಕಂಡು. ಸ್ವರ್ಗದಾಗೂ ನಮಗೆ ಸೀಟಿಲ್ಲ ಬಿಡು!"

ನಾನು ಸಿಸ್ಟರ ಪಾಠವನ್ನೆಲ್ಲ ಮರೆತು ಮ್ಯೂಸಿಯಂನಲ್ಲಿ ಜೋರಾಗಿ ನಕ್ಕೆ. ಅತ್ತೆಯೂ ಕಣ್ಣೊರೆಸಿಕೊಂಡು ನಕ್ಕರು. ಅಷ್ಟರಲ್ಲಿ ನನಗೆ ಏನೋ ಕೊರತೆ ಅನ್ನಿಸಿತು. "ಮುಂದಕ್ಕೆ ಹೋಗ್ರಿ" ನಿಂತುಹೋಗಿತ್ತು. ತಿರುಗಿದರೆ ನಮ್ಮ ಬೆನ್ನ ಹಿಂದೆಯೇ ಇದ್ದ ಮಾವ ಇಲ್ಲ.

ನಾವು ಹೊರಗೆ ಬಂದಾಗ ಗಾಡಿಯ ಬಾಗಿಲಲ್ಲಿ ಆಗಲೇ ಜನ. ತುರುವನೂರು ರಸ್ತೆಯ ಕಡೆ ಹೋಗುವವರು. ನಮ್ಮ ಮನೆಯೂ ಅದೇ ರಸ್ತೆಯಲ್ಲಿ. ನಾನು ಮೊದಲು ಹತ್ತಿ ಬೆಂಚಿನಲ್ಲಿ ಕೂತೆ. ಕೈಚೀಲ ಹಿಡಿದ ಒಬ್ಬ ಗಂಡಸು, ಅವನ ಹಿಂದೆ ಕೂಸನ್ನೆತ್ತಿಕೊಂಡ ತಾಯಿ. ಆಕೆ ಸೀದಾ ಕಿಟಕಿ ಪಕ್ಕದ ಸೀಟಿಗೆ ಹೋದಳು. ಹೋದವಳು ನಿಂತಳು.

"ಯಾರೋ ಟವೆಲ್ ಹಾಕವ್ರೆ."

ನಾನೂ ನೋಡಿದೆ. ಕೆಂಪು ಚೌಕಳಿ ಟವೆಲ್ಲು.

"ತೆಗ್ದಾಕ್ರಿ ಕಂಡಕ್ಟ್ರೇ" ಎಂದ ಕೈಚೀಲದವನು. "ಟವೆಲ್ಲಿಗೆಲ್ಲ ಸೀಟಿರ್ತೈತಾ?"

ಮಾವ ಬಾಗಿಲ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು. "ಇರ್ತೈತೆ."

"ಯಾರದ್ರೀ ಅದು?"

"ನಂದೇ. ಏನೀಗ?"

ನಾನು ಎದ್ದು ಕೂಸಿನ ತಾಯಿಗೆ ಬೆಂಚಿನಲ್ಲಿ ಜಾಗ ಕೊಟ್ಟೆ. ಅತ್ತೆ ಕೊನೆಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಆಚೆ ಈಚೆ ನೋಡದೆ, ಅಭ್ಯಾಸದಂತೆ ಕಂಬಿಗೆ ಕೈ ಹಾಕಿದರು.

"ಅಲ್ಯಾಕೆ ನಿಂತಿ?" ಎಂದರು ಮಾವ. "ನಿನ್ ಸೀಟು ಅಲ್ಲೈತೆ."

ಅತ್ತೆ ಟವೆಲ್ಲನ್ನು ನೋಡಿದರು. ಗಂಡನನ್ನು ನೋಡಿದರು. ಟವೆಲ್ಲನ್ನು ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತರು. ಕುಳ್ಳಗಿನ ಹೆಂಗಸು, ಬಸ್ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ತಾಗದೆ ಜೋಲುತ್ತವೆ, ಮಂಡಿ ಎಳೆಯುತ್ತದೆ. ಈ ಸೀಟಿನಲ್ಲಿ ಜೋಲಲಿಲ್ಲ, ಬೆಳಿಗ್ಗೆ ನಾನೇ ಗಮನಿಸಿರಲಿಲ್ಲ. ಎರಡೂ ಪಾದಗಳು ಆ ನುಣುಪಾದ ಹಲಗೆಯ ಮೇಲೆ, ಅಳತೆ ತೆಗೆದಂತೆ, ಸರಿಯಾಗಿ ಕೂತವು. ಬ್ಯಾಗು ಇಡುವ ಹಲಗೆ!

ಆಮೇಲೆ ಮಾವ ಬಂದು ಅವರ ಪಕ್ಕ, ಸೀಟಿನ ಅಂಚಿನಲ್ಲಿ, ಬಸ್ಸನ್ನೇ ಮೊದಲ ಸಲ ಹತ್ತಿದವರ ಹಾಗೆ ಕೂತರು.

ಗಾಡಿ ಹೊರಡಲಿಲ್ಲ. ನಮ್ಮೆಜಮಾನರು ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಕಾಯುತ್ತಿದ್ದರು. ಬೆಳಿಗ್ಗೆಯಿಂದ ಅಭ್ಯಾಸವಾಗಿತ್ತಲ್ಲ, ಯಾರಾದರೂ ಹೇಳಬೇಕು. ಮಾವ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಕೊನೆಗೆ ಅತ್ತೆ ಕಿಟಕಿಯ ಕಂಬಿಗೆ ಬಳೆಗೈಯಿಂದ ಟಕಟಕ ಎಂದು ಬಡಿದು, ಮೆಲ್ಲಗೆ "ರೈಟ್" ಎಂದರು.

ಮನೆಗೆ ಬಂದು ನಾನು ಬಾಗಿಲು ತೆಗೆದು, ದೀಪ ಹಚ್ಚಿ, ಅನ್ನಕ್ಕಿಟ್ಟೆ. ಕುಕ್ಕರು ಕೂಗುವ ಹೊತ್ತಿಗೆ ಟೀಚರಮ್ಮ ಹಾಲಿನ ಪಾತ್ರೆ ಹಿಡಿದು ಬಂದರು. ಮೂರು ದಿನ ಎಂದು ಹೋದವರು ಅವತ್ತೇ ಯಾಕೆ ಬಂದಿರಿ ಎಂದು ಕೂಡ ಕೇಳಲಿಲ್ಲ. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಕಾಂಪೌಂಡಿನ ಕಡೆ ಕತ್ತು ತಿರುಗಿಸಿ ಅಂದರು:

"ಗಾಡಿ ಬಂದು ನಿಂತು ಎಷ್ಟೊತ್ತಾತು, ನಿಮ್ಮತ್ತೆ ಮಾವ ಇನ್ನೂ ಒಳಗೇ ಕುಂತವ್ರಲ್ರೀ. ಬಾಗಿಲೇನಾರ ಜಾಮ್ ಆಗೈತಾ?"